ಐನೂರರಲ್ಲಿ ಒಂದು

ಸಾಗರದ ನಮ್ಮ ಮಾವನ ಹತ್ತಿರ ಒಂದು ಹಳದಿ ಫಿಯಟ್ ಪಾಲಿಯೋ ಇದೆ. ಬರೀ ಪಾಲಿಯೋ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅದು ಎಸ್10. ಸಚಿನ್ ತೆಂಡೂಲ್ಕರ್ ಹೆಸರಲ್ಲಿ ಬಂದ ವಿಶೇಷ ಕಾರು, ಜೊತೆಗೆ ಸಚಿನ್ ಸಹಿ. 1.6 ಲೀಟರ್ ಎಂಜಿನ್. ಮಾಡಿದ್ದೇ 500. "ಐನೂರರಲ್ಲಿ ಒಂದು ಕಣೋ" ಎನ್ನುವಾಗ ಮಾವ, ಉಳಿದ 499ನ್ನೂ ತಾವೇ ಎಣಿಸಿ ಕಳಿಸಿದವರ ಹಾಗೆ ಕಾಣುತ್ತಾರೆ.

ಇಂಥ ಕಾರಿಗೆ ಮುಂದೆ ಚಿನ್ನದ ಬೆಲೆ, ಆದರೆ ಒಳಗಿನದೆಲ್ಲ ಒರಿಜಿನಲ್ ಇರಬೇಕು ಅಂತ ಯಾರೋ ಅವರ ಕಿವಿಗೆ ಹಾಕಿದರು. ಮುಗೀತು. ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯಲೇ ಇಲ್ಲ. ಅದು ಹರಿಯಬಾರದೆಂದು ಮೇಲೊಂದು ಟರ್ಕಿ ಟವಲ್. ಟವಲ್ ಕೊಳೆಯಾಗಬಾರದೆಂದು ಅತ್ತೆಯ ಹಳೇ ಸೀರೆ. ಕಾರಲ್ಲಿ ಕೋಡುಬಳೆ ತಿನ್ನುವಂತಿಲ್ಲ. ಎಸಿ ಹಾಕುವಂತಿಲ್ಲ, ಗುಂಡಿ ಸವೆಯುತ್ತದೆ. ಇಪ್ಪತ್ತು ವರ್ಷ ನಾವೆಲ್ಲ, ಇನ್ನೂ ಕಣ್ಣಿಗೇ ಬೀಳದ ಯಾವನೋ ಗಿರಾಕಿಯ ಕಾರಲ್ಲಿ ಬಿಟ್ಟಿ ಓಡಾಡಿದೆವು.

ಒಂದು ಏಪ್ರಿಲ್‌ನಲ್ಲಿ ಮದುವೆಗೆಂದು ದಾವಣಗೆರೆಗೆ ಹೊರಟೆವು. ಒಂದೊಂದು ತಿರುವಿಗೂ ಸೀರೆ ಜಾರಿತು, ಟವಲ್ ಜಾರಿತು, ಉಳಿದದ್ದು ಪ್ಲಾಸ್ಟಿಕ್ಕು ಮತ್ತು ನಾನು. ಛತ್ರದ ಮುಂದೆ ಗಡಿಬಿಡಿಯಲ್ಲಿ ಇಳಿದೆ. ಪಂಚೆ ಇಳಿಯಲಿಲ್ಲ. ಬೀಗರು ನನ್ನನ್ನು ಈಗಲೂ ಅದರಿಂದಲೇ ಗುರುತು ಹಿಡಿಯುತ್ತಾರೆ.

ಕಾಲಡಿಯ ಮ್ಯಾಟು, ಗೇರ್ ನಾಬು, ಸ್ಟೀರಿಯೋ ಎಲ್ಲ ಬಿಚ್ಚಿ ರಟ್ಟಿನ ಡಬ್ಬದಲ್ಲಿಟ್ಟು, ನುಸಿಗುಳಿಗೆ ಹಾಕಿ ಅಟ್ಟ ಸೇರಿಸಿದ್ದರು. ಕಾರಿಗೆ ಪೇಟೆಯ ಅಗ್ಗದ ಮ್ಯಾಟು. ಸ್ಟೀರಿಯೋ ಇದ್ದ ಜಾಗದಲ್ಲಿ ತೂತು. ಅದರಲ್ಲಿ ಅತ್ತೆ ಅಡಿಕೆ ಡಬ್ಬಿ ಇಡುತ್ತಿದ್ದರು.

15 ವರ್ಷ ತುಂಬಿದ್ದಕ್ಕೆ ಆರ್‌ಸಿ ನವೀಕರಣವೂ ಆಯಿತು, ಹಸಿರು ತೆರಿಗೆಯೂ ಕಟ್ಟಾಯಿತು. ಅತ್ತೆಗೆ ಸಾಕಾಯಿತು. "ಸಚಿನ್ನೇ ತಮಗೆ ಬಂದ ಫೆರಾರಿ ಮಾರಿದ್ರಂತೆ, ನಿಮ್ಮದೇನು ದೊಡ್ಡದು?" ಅದು ನಿಜವೇ. 2002ರಲ್ಲಿ ಸಿಕ್ಕ ಫೆರಾರಿ 360 ಮೊಡೆನಾವನ್ನು ಅವರು 2011ರಲ್ಲಿ ಸೂರತ್‌ನ ಉದ್ಯಮಿಯೊಬ್ಬರಿಗೆ ಕೊಟ್ಟರು. ಮಾವ ಆ ದಿನ ಊಟ ಮಾಡಲಿಲ್ಲ. ಆದರೂ ಒಪ್ಪಿದರು.

ಬೆಂಗಳೂರಿಂದ ಹಳೇ ಕಾರುಗಳ ಹುಚ್ಚಿನವರೊಬ್ಬರು ಬಂದರು. ಮಾವ ಮದುಮಗಳ ಸೆರಗು ಸರಿಸಿದಷ್ಟು ನಾಜೂಕಾಗಿ ಪ್ಲಾಸ್ಟಿಕ್ ಸರಿಸಿದರು. ಮಲೆನಾಡಿನ ಮಳೆ ಯಾರನ್ನು ಬಿಟ್ಟಿದೆ ಹೇಳಿ? ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿ ಇರಲಿಲ್ಲ. ಸೀಟಿನ ತುಂಬ ಬೂಷ್ಟು. ಬಾಗಿಲು ತೆಗೆದಿದ್ದರೂ ವಾಸನೆ ಮಾತ್ರ ಒಳಗೇ ಕೂತಿತ್ತು.

"ಒರಿಜಿನಲ್ ಮ್ಯಾಟು?" ಅಂತ ಕೇಳಿದರು ಬಂದವರು, ಮೂಗು ಮುಚ್ಚಿಕೊಂಡೇ.

ಮಾವನ ಮುಖ ಅರಳಿತು. ನಾನು ಅಟ್ಟ ಹತ್ತಿ ಡಬ್ಬ ಇಳಿಸಿದೆ. ಮ್ಯಾಟು ಚೂರು ಚೂರಾಗಿ, ದುಂಡಗೆ, ಬಲು ಮೆತ್ತಗಿನ ಗೂಡಾಗಿತ್ತು. ಒಳಗೆ ನಾಲ್ಕು ಇಲಿ ಮರಿಗಳು ಮಲಗಿದ್ದವು.

"ಇವು ಮಾತ್ರ ಒರಿಜಿನಲ್" ಎಂದರು ಅತ್ತೆ.

ಬಂದವರು ಕಾಫಿ ಕುಡಿದು ಹೋದರು. ಕಾರು ಉಳಿಯಿತು. ಸೀಟುಗಳು ನಾಲ್ಕು ದಿನ ಅಂಗಳದಲ್ಲಿ ಹಪ್ಪಳದ ಪಕ್ಕ ಒಣಗಿದವು. ಮೊನ್ನೆ ಹೋದಾಗ ಮಾವ ಬರೀ ಬಟ್ಟೆ ಸೀಟಿನ ಮೇಲೆ ಕೂತಿದ್ದರು. "ಎಷ್ಟು ಮೆತ್ತಗಿದೆ ನೋಡೋ!" ಅಂದರು. ನಾನೂ ಕೂರಲು ಹೋದೆ.

"ತಡಿ, ತಡಿ" ಎಂದು ಪೇಪರ್ ಹಾಸಿದರು.