ಗಾಜಿನ ಮೇಲೆ ಕದಲದೆ ನಿಂತ ಚುಕ್ಕೆ

ಎರಡು ಸಣ್ಣ ವಿಮಾನಗಳು ಆಕಾಶದಲ್ಲಿ ಕೂದಲೆಳೆ ಅಂತರದಲ್ಲಿ ಪಾರಾದ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಪೈಲಟ್ ಹೇಳುವುದು, "ಎಲ್ಲಿಂದ ಬಂತೋ ಗೊತ್ತಾಗಲಿಲ್ಲ, ಒಮ್ಮೆಲೇ ಎದುರಿಗಿತ್ತು." ನೆಲದ ಮೇಲಿದ್ದವರು ಹೇಳುವುದು, "ಕಣ್ಣು ಬಿಟ್ಟು ನೋಡಬೇಕಿತ್ತು." ಮೊದಲನೆಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಎರಡನೆಯದನ್ನು ಕೇಳಿದಾಗ ಬೇಸರವಾಗುತ್ತದೆ, ಯಾಕೆಂದರೆ ಅಲ್ಲಿಗೆ ವಿಚಾರಣೆಯೇ ಮುಗಿದುಹೋಗುತ್ತದೆ. ಮನುಷ್ಯನ ಕಣ್ಣಿನ ಮಿತಿ ಎಷ್ಟು ಎಂದು ಲೆಕ್ಕ ಹಾಕಿದವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು.

ಎರಡು ವಿಮಾನಗಳು ಒಂದೇ ಎತ್ತರದಲ್ಲಿ, ತಂತಮ್ಮ ವೇಗದಲ್ಲಿ, ನೇರ ದಾರಿಯಲ್ಲಿ ಹೋಗುತ್ತಾ ಮುಂದೆ ಒಂದೇ ಬಿಂದುವಿನಲ್ಲಿ ಸಂಧಿಸುವುದಿದ್ದರೆ, ಒಂದರ ಗಾಜಿನಲ್ಲಿ ಇನ್ನೊಂದು ಇದ್ದಲ್ಲೇ ಇರುತ್ತದೆ. ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಗಾಜಿನ ಮೇಲೆ ಸರಿಯುತ್ತಿರುವ ವಿಮಾನದಿಂದ ಸಾಮಾನ್ಯವಾಗಿ ಅಪಾಯವಿಲ್ಲ, ಅದು ಹಾದು ಹೋಗುತ್ತದೆ. ಡಿಕ್ಕಿಯಾಗುವುದು ಕದಲದೆ ನಿಂತಿದ್ದು. ಆದರೆ ನಮ್ಮ ಕಣ್ಣಂಚು ಗುರುತಿಸುವುದು ಚಲನೆಯನ್ನು. ಅಂದರೆ ಯಾವುದನ್ನು ನೋಡಲೇಬೇಕೋ ಅದೇ ಕಣ್ಣಿಗೆ ಬೀಳದಂಥದ್ದು.

ಈಗ ಅಂಕಿಗಳು. ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್ಎಎ, ಪೈಲಟ್‌ಗಳಿಗೆ ಕೊಡುವ ಕೈಪಿಡಿಯಲ್ಲಿ ಒಂದು ಪಟ್ಟಿ ಇದೆ. ವಸ್ತು ಕಣ್ಣಿಗೆ ಬೀಳಲು 0.1 ಸೆಕೆಂಡು, ಅದು ವಿಮಾನ ಎಂದು ತಿಳಿಯಲು 1, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿವಾಗಲು 5, ಯಾವ ಕಡೆ ತಿರುಗುವುದೆಂದು ತೀರ್ಮಾನಿಸಲು 4, ಕೈ ಕದಲಲು 0.4, ವಿಮಾನ ಸ್ಪಂದಿಸಲು 2. ಒಟ್ಟು 12.5 ಸೆಕೆಂಡು. ತಲಾ 120 ನಾಟ್ (ಗಂಟೆಗೆ ಸುಮಾರು 222 ಕಿಲೋಮೀಟರ್) ವೇಗದ ಎರಡು ವಿಮಾನಗಳು ಎದುರುಬದುರಾದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 123 ಮೀಟರ್‌ನಂತೆ ಕರಗುತ್ತದೆ. ಹಾಗಾದರೆ ಒಂದೂವರೆ ಕಿಲೋಮೀಟರ್ ದೂರದಲ್ಲೇ ಕಂಡಿರಬೇಕು. ಸೆಸ್ನಾ 172 ಎಂಬ ಸಣ್ಣ ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ 11 ಮೀಟರ್. ಅಷ್ಟು ದೂರದಿಂದ ಅದು ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಕಡಿಮೆ ಕಾಣುತ್ತದೆ. ಅದರಲ್ಲೂ ಎದುರಿನಿಂದ ನೋಡಿದರೆ ರೆಕ್ಕೆ ಬರೀ ಗೆರೆ, ಒಡಲು ಒಂದು ಚುಕ್ಕೆ. ಇನ್ನು 5 ಸೆಕೆಂಡು ಇದೆ ಎನ್ನುವಾಗ ಅದು ಎರಡೂವರೆ ಪಟ್ಟು ಆಗಿರುತ್ತದೆ, ಕೊನೆಯ 2 ಸೆಕೆಂಡಿನಲ್ಲಿ ಗಾಜು ತುಂಬಿಕೊಳ್ಳತೊಡಗುತ್ತದೆ. "ಒಮ್ಮೆಲೇ ಎದುರಿಗಿತ್ತು" ಎಂಬ ಮಾತಿನ ಹಿಂದೆ ಇರುವುದು ಈ ಲೆಕ್ಕ. ಆ ಪೈಲಟ್ ಸುಳ್ಳು ಹೇಳುತ್ತಿಲ್ಲ.

ಕಣ್ಣು ಸ್ಪಷ್ಟವಾಗಿ ನೋಡುವುದು ನಡುವಿನ ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ. ಆದ್ದರಿಂದಲೇ ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಕನಿಷ್ಠ ಒಂದು ಸೆಕೆಂಡು ದೃಷ್ಟಿ ನಿಲ್ಲಿಸಿ ನೋಡಬೇಕು ಎಂದು ಕಲಿಸುತ್ತಾರೆ. ಸರ್ರನೆ ಕಣ್ಣು ಹಾಯಿಸಿದರೆ ಏನೂ ಕಾಣುವುದಿಲ್ಲ, ಕಣ್ಣು ಓಡುವಾಗ ದೃಷ್ಟಿ ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ. ಸರಿ, ಎಡದಿಂದ ಬಲಕ್ಕೆ 180 ಡಿಗ್ರಿ, ಮೇಲಿಂದ ಕೆಳಕ್ಕೆ ಒಟ್ಟು 30 ಡಿಗ್ರಿ ನೋಡಬೇಕೆಂದರೆ 54 ತುಂಡು, 54 ಸೆಕೆಂಡು. ಕೈಯಲ್ಲಿರುವುದು ಹನ್ನೆರಡೂವರೆ. ಸಾಲದ್ದಕ್ಕೆ, ಮೋಡವಿಲ್ಲದ ಖಾಲಿ ನೀಲಿಯನ್ನು ದಿಟ್ಟಿಸುತ್ತಿದ್ದರೆ ಕಣ್ಣು ತಾನಾಗಿಯೇ ಕೆಲವೇ ಮೀಟರ್ ದೂರಕ್ಕೆ ಫೋಕಸ್ ಆಗಿಬಿಡುತ್ತದೆ. ಆಗಾಗ ದಿಗಂತವನ್ನು ನೋಡಿ ಅದನ್ನು ಮತ್ತೆ ದೂರಕ್ಕೆ ತರಬೇಕು.

ಇಷ್ಟೆಲ್ಲ ಹೇಳಿದ್ದು ನೋಡುವುದು ವ್ಯರ್ಥ ಎನ್ನುವುದಕ್ಕಲ್ಲ. ಆದರೆ ನೋಟವೊಂದನ್ನೇ ನೆಚ್ಚಿಕೊಳ್ಳುವ ವ್ಯವಸ್ಥೆ ಅಪಾಯದ್ದು. ಆಸ್ಟ್ರೇಲಿಯಾದ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ 1991ರಲ್ಲೇ ಇದನ್ನು ವಿವರವಾಗಿ ಬರೆದಿತ್ತು. ಇಂಥ ಕಡೆ ವಿಮಾನವಿದೆ ಎಂದು ಮೊದಲೇ ಗೊತ್ತಿದ್ದು ಹುಡುಕುವುದು, ಸುಮ್ಮನೆ ಹುಡುಕುವುದಕ್ಕಿಂತ ಸುಮಾರು ಎಂಟು ಪಟ್ಟು ಫಲಕಾರಿ ಎಂಬುದು ಅದರಲ್ಲಿನ ಮುಖ್ಯ ಮಾತುಗಳಲ್ಲೊಂದು. ಹಾಗಾಗಿ ನಾನು ಕೇಳುವ ಪ್ರಶ್ನೆಯೇ ಬೇರೆ. ಅವರು ಯಾಕೆ ನೋಡಲಿಲ್ಲ ಎಂದಲ್ಲ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅವರಿಬ್ಬರೂ ಒಂದೇ ಜಾಗಕ್ಕೆ ಬಂದದ್ದು ಹೇಗೆ?

ಆ ಜಾಗ ಹೆಚ್ಚಿನ ಸಲ ವಿಮಾನ ನಿಲ್ದಾಣದ ಆಸುಪಾಸಿನದೇ. ಹಗಲು, ಒಳ್ಳೆಯ ಹವೆ, ನೆಲದಿಂದ ಸಾವಿರ ಅಡಿಯೊಳಗೆ, ಬಹಳ ಸಲ ಹಿಂದಿನಿಂದ ಬಂದ ವೇಗದ ವಿಮಾನ ನಿಧಾನದ್ದರ ಮೇಲೆ. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಆದದ್ದು ಅದೇ. ವಿಮಾನಗಳಿಗೆ ನಿರ್ದೇಶನ ಕೊಡುವ ಕಂಟ್ರೋಲ್ ಟವರ್ ಇಲ್ಲದ ನಿಲ್ದಾಣ. ಸರ್ಕ್ಯೂಟ್‌ನಲ್ಲಿ, ಅಂದರೆ ರನ್‌ವೇ ಸುತ್ತಲಿನ ನಿಗದಿತ ಹಾದಿಯಲ್ಲಿ, ಸುತ್ತುತ್ತಿದ್ದ ಸೆಸ್ನಾ 152, ದೂರದಿಂದ ನೇರವಾಗಿ ಫೈನಲ್‌ಗೆ, ಅಂದರೆ ರನ್‌ವೇಗೆ ಇಳಿಯುವ ಕೊನೆಯ ನೇರ ಹಾದಿಗೆ, ಬಂದ ಎರಡು ಎಂಜಿನ್‌ಗಳ ಸೆಸ್ನಾ 340. ಇಬ್ಬರೂ ಒಂದೇ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ತಮ್ಮ ಸ್ಥಾನ ಹೇಳುತ್ತಲೇ ಇದ್ದರು. 340ರ ವೇಗ ಸುಮಾರು 180 ನಾಟ್, ಇಳಿಯುವ ಹೊತ್ತಿಗೆ ಇರಬಾರದಷ್ಟು. ಮೂವರು ಸತ್ತರು. ರೇಡಿಯೋದಲ್ಲಿ "3 ಮೈಲಿ ಫೈನಲ್" ಎಂದರೆ 90 ನಾಟ್‌ನ ವಿಮಾನಕ್ಕೆ ಎರಡು ನಿಮಿಷ, 180 ನಾಟ್‌ನದಕ್ಕೆ ಒಂದೇ ನಿಮಿಷ. ಕೇಳುವವನು ತನ್ನ ವಿಮಾನದ ಗಡಿಯಾರದಲ್ಲೇ ಅದನ್ನು ಅಳೆಯುತ್ತಾನೆ. ಆದ್ದರಿಂದ ವೇಗದ ವಿಮಾನ ಹಾರಿಸುವವರು ದೂರದ ಜೊತೆಗೆ ಎಷ್ಟು ನಿಮಿಷದಲ್ಲಿ ಬರುತ್ತೇನೆ ಎನ್ನುವುದನ್ನೂ ಹೇಳಲಿ. ಸರ್ಕ್ಯೂಟ್‌ನಲ್ಲಿ ಬೇರೆಯವರಿದ್ದರೆ ನೇರ ಫೈನಲ್ ಬಿಟ್ಟು, 45 ಡಿಗ್ರಿಯಲ್ಲಿ ಡೌನ್‌ವಿಂಡ್‌ಗೆ (ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಸಾಗುವ ಹಾದಿಗೆ) ಸೇರಿ ಸಾಲಿನಲ್ಲಿ ಬರಲಿ. ಐದು ನಿಮಿಷ ತಡವಾದರೆ ಏನೂ ನಷ್ಟವಿಲ್ಲ.

ಟವರ್ ಇದ್ದರೆ ಸಾಕು ಎಂದುಕೊಳ್ಳುವವರು 2021ರ ಮೇ 12ರಂದು ಡೆನ್ವರ್ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಆದದ್ದನ್ನು ಓದಬೇಕು. ಅಕ್ಕಪಕ್ಕದ ಎರಡು ಸಮಾನಾಂತರ ರನ್‌ವೇಗಳು, ಒಂದಕ್ಕೆ ಸಿರಸ್ ಎಸ್ಆರ್22, ಇನ್ನೊಂದಕ್ಕೆ ಎರಡು ಎಂಜಿನ್‌ಗಳ ಮೆಟ್ರೋಲೈನರ್. ಸಿರಸ್ ಫೈನಲ್‌ಗೆ ತಿರುಗುವಾಗ ತನ್ನ ಗೆರೆ ದಾಟಿ ಪಕ್ಕದ ಗೆರೆಗೆ ನುಗ್ಗಿ ಮೆಟ್ರೋಲೈನರ್‌ನ ಒಡಲನ್ನೇ ಸೀಳಿತು. ಸಿರಸ್‌ನವರು ವಿಮಾನದ ಪ್ಯಾರಾಚೂಟ್ ಬಿಚ್ಚಿ ಇಳಿದರು, ಮೆಟ್ರೋಲೈನರ್ ಪೈಲಟ್ ಹರಿದ ವಿಮಾನವನ್ನು ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ಶಿಫಾರಸಿಗಿಂತ ಹೆಚ್ಚಿನ ವೇಗದಲ್ಲಿ ಸಿರಸ್ ಬಂದದ್ದನ್ನೂ, ಮೆಟ್ರೋಲೈನರ್‌ಗೆ ಅದರ ಬಗ್ಗೆ ಕಂಟ್ರೋಲರ್ ತಿಳಿಸದೆ ಇದ್ದದ್ದನ್ನೂ ತನಿಖೆ ಎತ್ತಿ ತೋರಿಸಿತು. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 30 ಡಿಗ್ರಿ ವಾಲಿದಾಗ 80 ನಾಟ್‌ಗೆ ಸುಮಾರು 300 ಮೀಟರ್, 120 ನಾಟ್‌ಗೆ 670 ಮೀಟರ್. ಇಂಥ ನಿಲ್ದಾಣಗಳಲ್ಲಿ ಪಕ್ಕದ ರನ್‌ವೇ ಅದಕ್ಕಿಂತ ಹತ್ತಿರದಲ್ಲೇ ಇರುತ್ತದೆ. ಸಮಾನಾಂತರ ರನ್‌ವೇ ಇರುವ ಕಡೆ ಬೇಸ್ ಲೆಗ್‌ನಲ್ಲೇ (ಫೈನಲ್‌ಗೆ ತಿರುಗುವ ಮೊದಲಿನ ಅಡ್ಡ ಹಾದಿಯಲ್ಲೇ) ವೇಗ ಇಳಿಸಿಕೊಳ್ಳುವುದು, ಬೇಗ ತಿರುಗುವುದು, ತಿರುಗುವ ಮೊದಲು ರನ್‌ವೇ ಎಡದ್ದೋ ಬಲದ್ದೋ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು, ಇವಿಷ್ಟನ್ನು ಅಭ್ಯಾಸ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಮರುವರ್ಷವೇ ನಾರ್ತ್ ಲಾಸ್ ವೇಗಸ್‌ನಲ್ಲಿ ಎಡ ರನ್‌ವೇಗೆ ಅನುಮತಿ ಪಡೆದ ವಿಮಾನವೊಂದು ಬಲದ್ದಕ್ಕೆ ಇಳಿಯಲು ಹೋಗಿ ಡಿಕ್ಕಿಯಾಗಿ ನಾಲ್ವರು ಸತ್ತರು.

ಫೈನಲ್‌ನ ಇನ್ನೊಂದು ಅಪಾಯ ವಿಮಾನದ ರಚನೆಯಲ್ಲೇ ಇದೆ. ಸೆಸ್ನಾದಂಥ ಮೇಲು ರೆಕ್ಕೆಯ ವಿಮಾನಕ್ಕೆ ಮೇಲಿನದು ಕಾಣುವುದಿಲ್ಲ, ಪೈಪರ್‌ನಂಥ ಕೆಳ ರೆಕ್ಕೆಯದಕ್ಕೆ ಕೆಳಗಿನದು ಕಾಣುವುದಿಲ್ಲ. ಪೈಪರ್ ಮೇಲೆ, ಸೆಸ್ನಾ ಕೆಳಗೆ, ಎರಡೂ ಒಂದೇ ರನ್‌ವೇಗೆ ಇಳಿಯುತ್ತಿದ್ದರೆ ಇಬ್ಬರೂ ಎಷ್ಟೇ ನೋಡಿದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೇಲು ರೆಕ್ಕೆಯವರು ತಿರುಗುವ ಮೊದಲು ಆ ಕಡೆಯ ರೆಕ್ಕೆಯನ್ನು ಒಮ್ಮೆ ಎತ್ತಿ ನೋಡಬೇಕು. ಗಾಜಿನ ನಡುವಿನ ಕಂಬದ ಹಿಂದೆ ಇಡೀ ವಿಮಾನ ಅಡಗಬಲ್ಲದು, ಕುಳಿತಲ್ಲೇ ತಲೆ ಹಿಂದೆ ಮುಂದೆ ಮಾಡಬೇಕು. ಹೊರಡುವ ಮೊದಲು ಗಾಜು ಒರೆಸಿ. ಸತ್ತ ಹುಳದ ಕಲೆಯೂ ದೂರದ ವಿಮಾನವೂ ಒಂದೇ ಥರ, ಎರಡೂ ಕದಲುವುದಿಲ್ಲ.

ಪರದೆಗಳ ಬಗ್ಗೆ. ಅಮೆರಿಕದಲ್ಲಿ 2020ರ ಜನವರಿ 1ರಿಂದ ಟ್ರಾನ್ಸ್‌ಪಾಂಡರ್ (ರಡಾರ್‌ಗೆ ಉತ್ತರಿಸುವ ಸಾಧನ) ಕಡ್ಡಾಯವಿರುವ ವಾಯುಪ್ರದೇಶಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತನ್ನ ಸ್ಥಾನವನ್ನು ತಾನೇ ಬಿತ್ತರಿಸುವ ಎಡಿಎಸ್-ಬಿ ಔಟ್ ಕಡ್ಡಾಯ. ಇತರರನ್ನು ತೋರಿಸುವ ಎಡಿಎಸ್-ಬಿ ಇನ್ ಕಡ್ಡಾಯವಲ್ಲ, ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಟ್ಯಾಬ್ಲೆಟ್‌ಗೆ ಜೋಡಿಸುವ ಪುಟ್ಟ ರಿಸೀವರ್ ಕೂಡ ಜೀವ ಉಳಿಸಬಲ್ಲದು. ಆದರೆ ಮೊದಲೇ ವಿದ್ಯುತ್ ವ್ಯವಸ್ಥೆಯಿಲ್ಲದೆ ತಯಾರಾದ ಹಳೆಯ ವಿಮಾನಗಳು, ಗ್ಲೈಡರ್, ಬಲೂನುಗಳಿಗೆ ವಿನಾಯಿತಿ ಇದೆ, ಅವು ಪರದೆಯಲ್ಲಿ ಇಲ್ಲದೆಯೂ ಆಕಾಶದಲ್ಲಿ ಇರಬಹುದು. 2019ರ ಮೇ ತಿಂಗಳಲ್ಲಿ ಅಲಾಸ್ಕದ ಕೆಚಿಕನ್ ಬಳಿ ಪ್ರವಾಸಿಗರಿದ್ದ ಎರಡು ತೇಲುವಿಮಾನಗಳು ಡಿಕ್ಕಿಯಾಗಿ ಆರು ಜನ ಸತ್ತರು. ಎರಡರಲ್ಲೂ ಸುತ್ತಲಿನ ವಿಮಾನ ತೋರಿಸುವ ಸಲಕರಣೆ ಇತ್ತು, ಎಚ್ಚರಿಕೆ ಮಾತ್ರ ಎರಡರಲ್ಲೂ ಬರಲಿಲ್ಲ. ಪರದೆ ಇದ್ದರೆ ಸಾಲದು, ಕಿವಿಗೆ ಕೇಳುವ ಎಚ್ಚರಿಕೆ ಬೇಕು. ಅದು ಹೆಡ್‌ಸೆಟ್‌ಗೆ ಬರುತ್ತಿದೆಯೇ ಎಂದು ಹೊರಡುವ ಮೊದಲು ನೋಡಿಕೊಳ್ಳಬೇಕು.

ದೂರದ ಹಾರಾಟದಲ್ಲಿ ನೆಲದಿಂದ 3,000 ಅಡಿ ಮೇಲಕ್ಕೆ ಒಂದು ಒಳ್ಳೆಯ ನಿಯಮವಿದೆ: ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವವರು ಪೂರ್ವದ ಕಡೆಗಾದರೆ ಬೆಸ ಸಾವಿರಕ್ಕೆ 500 ಸೇರಿಸಿ, ಪಶ್ಚಿಮದ ಕಡೆಗಾದರೆ ಸಮ ಸಾವಿರಕ್ಕೆ 500 ಸೇರಿಸಿ ಹಾರಬೇಕು. ಅದಕ್ಕಿಂತ ಕೆಳಗೆ ನಿಯಮವಿಲ್ಲ, ಎಲ್ಲರೂ 2,000, 2,500 ಎಂಬ ದುಂಡು ಸಂಖ್ಯೆಗಳಲ್ಲೇ ಗುಂಪಾಗುತ್ತಾರೆ. 2,300 ಆರಿಸಿಕೊಳ್ಳಿ. ಜಿಪಿಎಸ್ ಎಲ್ಲರನ್ನೂ ಕೂದಲಿನಷ್ಟು ನಿಖರವಾಗಿ ಒಂದೇ ಗೆರೆಯ ಮೇಲೆ ಎಳೆದು ತರುತ್ತದೆ, ಆ ಗೆರೆಯಿಂದ ಅರ್ಧ ಮೈಲಿ ಬಲಕ್ಕೆ ಸರಿದು ಹಾರಿ.

ಎದುರುಬದುರಾಗಿ ಕಂಡುಬಿಟ್ಟರೆ ಇಬ್ಬರೂ ಬಲಕ್ಕೆ ತಿರುಗಬೇಕೆಂಬುದು ನಿಯಮ. ಅಡ್ಡ ಬರುವಾಗ ಬಲಗಡೆ ಇರುವವರಿಗೆ ಆದ್ಯತೆ. ಆದರೆ ಆದ್ಯತೆ ನನ್ನದು ಎಂದು ಕಾಯುತ್ತ ಕೂರಬೇಡಿ, ಅವರು ನಿಮ್ಮನ್ನು ನೋಡಿಯೇ ಇಲ್ಲದಿರಬಹುದು. ತಿರುವಿನ ಜೊತೆ ಎತ್ತರವನ್ನೂ ಬದಲಿಸಿ, ಅವರನ್ನು ದೃಷ್ಟಿಯಲ್ಲೇ ಇಟ್ಟುಕೊಳ್ಳಿ. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ಇದ್ದಾಗ ಗಾಬರಿಯಿಂದ ಕಂಟ್ರೋಲ್ ಹಿಂದಕ್ಕೆ ಸೆಳೆದರೆ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಡಿಕ್ಕಿಯಿಲ್ಲದೆಯೂ ಬೀಳಬಹುದು.

ಪಾರಾದವರು ಸುಮ್ಮನಾಗಬಾರದು. 500 ಅಡಿಗಿಂತ ಹತ್ತಿರ ಬಂದಿದ್ದರೆ ಎಫ್ಎಎ ಲೆಕ್ಕದಲ್ಲಿ ಅದು ವರದಿಯಾಗಬೇಕಾದ ಘಟನೆ. ರೇಡಿಯೋದಲ್ಲೇ "ನಿಯರ್ ಮಿಡ್ಏರ್ (ಆಕಾಶದಲ್ಲಿ ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿ) ವರದಿ ಮಾಡುತ್ತಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಕಂಟ್ರೋಲರ್ ಅದನ್ನು ಬರೀ ದೂರು ಎಂದುಕೊಳ್ಳಬಹುದು. ಸಮಯ, ಎತ್ತರ, ದಿಕ್ಕು, ಎದುರಿನ ವಿಮಾನದ ಬಣ್ಣ, ರೆಕ್ಕೆ ಮೇಲಿನದೋ ಕೆಳಗಿನದೋ, ಇಳಿದ ಕೂಡಲೇ ಬರೆದಿಡಿ. ನಾಸಾ 1976ರಿಂದ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಗೂ ಕಳುಹಿಸಿ. ವರದಿ ಮಾಡಿದವರ ಹೆಸರು ಅಲ್ಲಿ ಗುಟ್ಟಾಗಿರುತ್ತದೆ. ಉದ್ದೇಶಪೂರ್ವಕವಲ್ಲದ ನಿಯಮಭಂಗವಾಗಿದ್ದು, ಹತ್ತು ದಿನದೊಳಗೆ ಕಳುಹಿಸಿದ್ದರೆ, ಸಾಮಾನ್ಯವಾಗಿ ದಂಡದಿಂದ ವಿನಾಯಿತಿ ಸಿಗುತ್ತದೆ.