ಒಂದೂವರೆ ಮೊಳದ ಕನ್ನಡಕ

ಮೂರು ವಾರ ಕತ್ತು ನೋವು. ದಿಂಬು ಬದಲಾಯಿಸಿದೆ, ಕುರ್ಚಿ ಬದಲಾಯಿಸಿದೆ. ಕೊನೆಗೆ ಕಾರಣ ಹಿಡಿದವಳು ಮಗಳು. "ಅಪ್ಪಾ, ನೀನು ಕಂಪ್ಯೂಟರ್ ನೋಡೋದು ಕೋಳಿ ನೀರು ಕುಡಿದ ಹಾಗಿದೆ!"

ನಿಜ. ನನ್ನದು ಹೊಸ ಪ್ರೋಗ್ರೆಸಿವ್ ಕನ್ನಡಕ. ಮೇಲೆ ದೂರಕ್ಕೆ, ಕೆಳಗೆ ಓದೋದಕ್ಕೆ. ಸ್ಕ್ರೀನ್ ಸರಿಯಾಗಿ ಕಾಣಬೇಕಾದರೆ ನಡುವಿನ ಜಾಗವೇ ಬೇಕು. ಅದೋ, ಚಿಕ್ಕಪೇಟೆ ಸಂದಿಗಿಂತ ಕಿರಿದು. ಅದನ್ನು ಹುಡುಕಿಕೊಂಡು ದಿನವಿಡೀ ಗದ್ದ ಎತ್ತುತ್ತಿದ್ದೆ.

ಕಣ್ಣು ಪರೀಕ್ಷೆಯಲ್ಲಿ ಕೈಗೆ ಅಕ್ಷರದ ಕಾರ್ಡ್ ಕೊಡುತ್ತಾರಲ್ಲ, ಅದನ್ನು ಹಿಡಿಯೋದು ಸುಮಾರು 40 ಸೆಂಟಿಮೀಟರ್ ದೂರದಲ್ಲಿ. ಪುಸ್ತಕಕ್ಕೆ ಸರಿ. ನನ್ನ ಮಾನಿಟರ್ ಇರೋದು 65ರಲ್ಲಿ. ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಗಲೆಲ್ಲ ಸ್ಕ್ರೀನ್ ಮುಂದೆ ಕೂರುವ ಈ ಊರಲ್ಲಿ "ಸ್ಕ್ರೀನ್ ಎಷ್ಟು ದೂರ ಇಡ್ತೀರಾ ಸರ್?" ಅಂತ ಕೇಳೋದಕ್ಕೇನು ಕಾಸು ಖರ್ಚೇ? ಫ್ರೇಮಿನ ಬಣ್ಣಕ್ಕೆ ಮಾತ್ರ ಅರ್ಧ ಗಂಟೆ ಚರ್ಚೆ!

ಲೆಕ್ಕ ಸುಲಭ. ಕನ್ನಡಕದ ಚೀಟಿಯಲ್ಲಿ 'ಆಡ್' (ಹತ್ತಿರದ್ದು ನೋಡೋದಕ್ಕೆ ಸೇರಿಸುವ ಹೆಚ್ಚುವರಿ ಪವರ್) ಅಂತ ಬರೆದಿರುವ ಸಂಖ್ಯೆಯಿಂದ 100ನ್ನು ಭಾಗಿಸಿ. ಬಂದಷ್ಟು ಸೆಂಟಿಮೀಟರ್ ದಾಟಿದರೆ ಓದುವ ಭಾಗದಲ್ಲಿ ಮಸುಕು. ನನ್ನ ಆಡ್ 2. ಅಂದರೆ 50ಕ್ಕೇ ಗಡಿ ಮುಗಿಯಿತು.

ನಮ್ಮಜ್ಜ ಕನ್ನಡಕಕ್ಕೆ 'ಚಾಳೀಸು' ಅನ್ನುತ್ತಿದ್ದರು. ಹಿಂದಿಯಲ್ಲಿ ಚಾಲೀಸ್ ಅಂದರೆ ನಲವತ್ತು. ಆ ವಯಸ್ಸಿನ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ಹತ್ತಿರದ್ದು ಕಾಣೋದು ಕಷ್ಟ ಆಗುತ್ತದೆ. ಅಜ್ಜನಿಗೆ ನೋಡಬೇಕಿದ್ದದ್ದು ಪಂಚಾಂಗ, ಪೇಪರ್. ಒಂದೇ ದೂರ ಸಾಕಿತ್ತು.

ಈ ಸಲ ನಾನೇ ಅಳೆದೆ. ಗಾಂಧಿಬಜಾರಿನ ಹೂವಿನಮ್ಮನ ಹಾಗೆ ಮೊಳ ಹಾಕಿ. ಒಂದು ಮೊಳ ಸುಮಾರು 45 ಸೆಂಟಿಮೀಟರ್ (ಆಯಮ್ಮನ ಮೊಳ ಯಾವಾಗಲೂ ಗಿಡ್ಡ, ಆ ಜಗಳ ಬೇರೆ). ಪುಸ್ತಕ ಮೊಳಕ್ಕಿಂತ ತುಸು ಹತ್ತಿರ, ಸ್ಕ್ರೀನ್ ಹೆಚ್ಚುಕಮ್ಮಿ ಒಂದೂವರೆ ಮೊಳ. ಅಂಗಡಿಗೆ ವಾಪಸ್ ಹೋಗಿ ಅಷ್ಟನ್ನೇ ಹೇಳಿದೆ. ಮತ್ತೆ ಪರೀಕ್ಷೆ ಮಾಡಿ, ಸ್ಕ್ರೀನಿಗೆ ಅಂತಲೇ 1.25 ಆಡ್ ಹಾಕಿದ ಬೇರೆ ಜೊತೆ ಮಾಡಿಕೊಟ್ಟರು. ಗಾಜಿನ ತುಂಬ ಒಂದೇ ಪವರ್, ಸಂದಿ ಹುಡುಕೋ ಕೆಲಸ ಇಲ್ಲ. ಮಾನಿಟರ್ ಕೆಳಗೆ ಇಟ್ಟಿದ್ದ ಎರಡು ದಪ್ಪ ನಿಘಂಟುಗಳನ್ನೂ ತೆಗೆದೆ.

ಕತ್ತು ಈಗ ಆರಾಮ. ಆದರೆ ನಿನ್ನೆ ಸುಮ್ನೆ ಅದೇ ಕನ್ನಡಕದಲ್ಲಿ ಬಸ್ ಸ್ಟಾಪಿಗೆ ಹೋಗಿಬಿಟ್ಟಿದ್ದೆ. ನಮ್ಮ ಬಸ್ಸಿನ ನಂಬರ್ ಓದೋ ಹೊತ್ತಿಗೆ ಬಸ್ಸು ಮುಂದೆ ಹೋಗಿತ್ತು.