ಟೂರ್ ಗ್ರೂಪ್‌ನಲ್ಲಿ ಹೋದರೆ ಮಾತ್ರ ಯುರೋಪ್ ವೀಸಾ? ಹಾಗೇನಿಲ್ಲ

ಬೆಳಗಾವಿಯ ವಾಟ್ಸ್ಯಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸ್ವಂತ ಪ್ಲ್ಯಾನ್ ಮಾಡಿದವರಿಗೆ ಯುರೋಪ್ ವೀಸಾ ಸಿಗೋದಿಲ್ಲ, ಟೂರ್ ಗ್ರೂಪ್ ಆದರೆ ಗ್ಯಾರಂಟಿ." ಎರಡೂ ಸುಳ್ಳು.

ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕೊಡುವುದು ಆಯಾ ದೇಶದ ರಾಯಭಾರ ಕಚೇರಿ. ಟೂರ್ ಕಂಪನಿ ಕಾಗದ ಜೋಡಿಸಿಕೊಡುತ್ತದೆ, ಅಷ್ಟೇ. ಗುಂಪಿನಲ್ಲಿ ಹೋದರೂ ಒಬ್ಬೊಬ್ಬರದು ಬೇರೆ ಬೇರೆ ಅರ್ಜಿ. ಗಂಡನಿಗೆ ವೀಸಾ ಬಂದು ಹೆಂಡತಿಗೆ ಬಾರದೇ ಇರಬಹುದು! ದೊಡ್ಡವರಿಗೆ ಫೀ 90 ಯೂರೋ. ವೀಸಾ ನಿರಾಕರಿಸಿದರೆ ಅದು ವಾಪಸ್ ಬರುವುದಿಲ್ಲ. ಮೊದಲ ಸಲ ಹೋಗುವವರು ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚನ್ನೂ ಕೊಡಬೇಕು. ಹಾಗಾಗಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದು ಗುಂಪಿನವರಿಗೂ ತಪ್ಪಿದ್ದಲ್ಲ.

ಗುಂಪಿನವರಿಗೂ ಸ್ವಂತ ಹೋಗುವವರಿಗೂ ಕೇಳುವ ಕಾಗದಗಳು ಹೆಚ್ಚು ಕಡಿಮೆ ಅವೇ. ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ಪ್ರಯಾಣ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿ ಬರುವ ಟಿಕೆಟ್, ಉಳಿಯುವ ಜಾಗ. ಸ್ವಂತವಾಗಿ ಹೋಗುವವರು ಎಡವುವುದು ತಾರೀಕುಗಳಲ್ಲಿ. ಪ್ಯಾರಿಸ್ ಹೋಟೆಲ್ 12ಕ್ಕೆ ಮುಗಿದು, ಮುಂದಿನ ಊರಿನ ರೈಲು 13ಕ್ಕೆ ಇದ್ದರೆ, ಆ ರಾತ್ರಿ ಎಲ್ಲಿ ಮಲಗ್ತೀರಿ ಅಂತ ಕೇಳೋದು ಸಹಜ ಅಲ್ವಾ?

ಗುಂಪು ಅಥವಾ ಗೈಡ್ ಬೇಕೇ ಬೇಕು ಅನ್ನುವ ಜಾಗಗಳೂ ಇವೆ. ಟಿಬೆಟ್‌ನಲ್ಲಿ ವಿದೇಶಿಯರು ಸುಮ್ನೆ ಒಬ್ಬರೇ ತಿರುಗುವಂತಿಲ್ಲ. ಯುರೋಪಿಗೆ ಅಂಥ ನಿಯಮವಿಲ್ಲ.

ವಯಸ್ಸಾದ ಅಪ್ಪ-ಅವ್ವನಿಗೆ ಬಸ್ಸು, ಊಟದ ಚಿಂತೆ ಬೇಡ ಅಂತಿದ್ದರೆ ಗ್ರೂಪ್ ಟೂರೇ ಆರಾಮ. ಹೇಗೆ ಹೋದರೂ ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಜಾಸ್ತಿ, ತಡ ಮಾಡಬೇಡಿ.